ನಂಬರಿಲ್ಲದ ಕಿವಿ

"ನನ್ನ ಹಂಡೆಗೆ ನಂಬರ್ ಹಾಕೋ ತನಕ ಇವತ್ತು ಯಾರಿಗೂ ಊಟ ಇಲ್ಲ," ಎಂದು ಅಡುಗೆಯ ನ್ಯಾಬಾಂಡಾ ಸಭೆ ನಡೆಯುತ್ತಿದ್ದ ಕೋಣೆಯ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. ಒದ್ದೆ ಕೈಗಳನ್ನು ಸೊಂಟಕ್ಕೆ ಸುತ್ತಿದ ಬಟ್ಟೆಗೆ ಒರೆಸಿಕೊಳ್ಳುತ್ತಾ, "ಚರ್ಚಿನವರು ಮದುವೆಗೆ ಅಂತ ಒಯ್ದಿದ್ದು ಇನ್ನೂ ಬಂದಿಲ್ಲ. ಕೇಳಿದ್ರೆ, ಇಷ್ಟು ಹಂಡೆಗಳಲ್ಲಿ ನಿಂದ್ಯಾವುದು ತೋರಿಸು ಅಂತಾರೆ. ಯಾರೂ ಮುಟ್ಟದ ಆ ಹಾಳು ಟೈಪ್‌ರೈಟರಿಗೆ ನಂಬರ್ ಇದೆ. ಇಡೀ ಶಾಲೆ ಹೊಟ್ಟೆ ತುಂಬಿಸೋ ಹಂಡೆಗಿಲ್ಲ," ಎಂದಳು.

ಮುಖ್ಯೋಪಾಧ್ಯಾಯ ಗೊಂಡ್ವೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಡೆಗೆ ಸೈಕಲ್ಲಿನಷ್ಟು ಬೆಲೆ ಇಲ್ಲಮ್ಮ."

"ಸೈಕಲ್ಲಿನಲ್ಲಿ ನ್ಸಿಮಾ ಮುದ್ದೆ ತೊಳಸ್ತೀರಾ ಸಾರ್?"

ಎಲ್ಲರೂ ನಕ್ಕರು. ಲುಸುಂಗು ಕೂಡ ನಕ್ಕಳು. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದವಳು ತಾನೇ ಎಂಬುದು ನೆನಪಾಗಿ ನಗು ಅರ್ಧಕ್ಕೇ ನಿಂತಿತು. ಸರೋವರದ ದಂಡೆಯ ಈ ಕಿವುಡ ಮಕ್ಕಳ ವಸತಿ ಶಾಲೆಗೆ ಅವಳು ಉಗ್ರಾಣದ ಮೇಲ್ವಿಚಾರಕಿಯಾಗಿ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಶಾಲೆಗೆ ಹಣ ಕೊಡುವ ಸಂಸ್ಥೆಯವರು ಈ ಸಲ ಹೊಸ ಮಾತು ತೆಗೆದಿದ್ದರು. ನೀವು ಕೊಂಡುಕೊಳ್ಳುವ ಸಾಮಾನುಗಳಲ್ಲಿ ಯಾವುದನ್ನು ಶಾಲೆಯ ಆಸ್ತಿ ಎಂದು ನಂಬರು ಹಾಕಿ ಕಾಯುತ್ತೀರಿ, ಯಾವುದನ್ನು ಬಳಸಿ ಮುಗಿಯುವ ವಸ್ತು ಎಂದು ಬಿಟ್ಟುಬಿಡುತ್ತೀರಿ, ಒಂದು ನಿಯಮ ಮಾಡಿ ಕಳಿಸಿ ಎಂದಿದ್ದರು. ಗೊಂಡ್ವೆ ಆ ಕೆಲಸವನ್ನು ಲುಸುಂಗುವಿನ ಕೈಗೆ ಕೊಟ್ಟು, ಜೊತೆಗೆ ತಮ್ಮದೇ ಒಂದು ಅಳತೆಗೋಲನ್ನೂ ಕೊಟ್ಟಿದ್ದರು. ಹೊಸ ಸೈಕಲ್ಲಿಗಿಂತ ಹೆಚ್ಚು ಬೆಲೆ, ವರ್ಷಕ್ಕಿಂತ ಹೆಚ್ಚು ಬಾಳಿಕೆ. ಎರಡೂ ಇದ್ದರೆ ಬಿಳಿ ಬಣ್ಣದಲ್ಲಿ ನಂಬರು. ಇಲ್ಲದಿದ್ದರೆ ಸೋಪು, ಸೀಮೆಸುಣ್ಣದ ಸಾಲಿಗೆ.

"ಕಿವಿ ಮಿಷನ್ನು?" ಎಂದು ಕೊನೆಯ ಬೆಂಚಿನಿಂದ ಯೊಹಾನೆ ಕೇಳಿದ. ಮಕ್ಕಳ ಕಿವಿ ಪರೀಕ್ಷಿಸಿ, ಕಿವಿಯ ಅಚ್ಚು ತೆಗೆದು, ಯಂತ್ರ ಕೂರಿಸುವವನು ಅವನು. ಮಾತು ಕಡಿಮೆ. ಅವನು ಬಾಯಿಬಿಟ್ಟರೆ ಕೋಣೆಯಲ್ಲಿ ಉಳಿದವರು ಸುಮ್ಮನಾಗುತ್ತಿದ್ದರು.

"ಅದರಲ್ಲಿ ಕೇಳೋದೇನಿದೆ? ಒಂದೊಂದೂ ಎರಡೆರಡು ಸೈಕಲ್ ಬೆಲೆ. ಐದು ವರ್ಷ ಬಾಳುತ್ತೆ. ನಂಬರು," ಎಂದರು ಗೊಂಡ್ವೆ.

"ಅಷ್ಟು ಸಣ್ಣದರ ಮೇಲೆ ಎಲ್ಲಿ ಬರೀಲಿ ಸಾರ್?" ಎಂದಳು ಲುಸುಂಗು.

"ಬರೀಬಹುದು. ಬನ್ನಿ, ತೋರಿಸ್ತೀನಿ," ಎಂದ ಯೊಹಾನೆ.

ಅವನ ಕೋಣೆ ಸರೋವರದ ಕಡೆಗಿತ್ತು. ಗೋಡೆಗೆಲ್ಲ ಹಳೆಯ ಹಾಸಿಗೆಗಳನ್ನು ಕತ್ತರಿಸಿ ಹೊಡೆದಿದ್ದರಿಂದ ಒಳಗೆ ಹೆಜ್ಜೆಯಿಟ್ಟ ಕೂಡಲೇ ಯಾರೋ ಹೊರಗಿನ ಲೋಕಕ್ಕೆ ಕಂಬಳಿ ಹೊದಿಸಿದಂತಾಯಿತು. ಯೊಹಾನೆ ಹುಣಸೆ ಬೀಜದಷ್ಟೇ ಇದ್ದ ಯಂತ್ರವೊಂದಕ್ಕೆ ಗುಂಡಿಯಂಥ ಬ್ಯಾಟರಿ ಹಾಕಿ, ವೈದ್ಯರು ಎದೆ ನೋಡುವಂಥ ಕೊಳವೆಯ ತುದಿಗೆ ಅದನ್ನು ಸಿಕ್ಕಿಸಿದ. ಕೊಳವೆಯ ಇನ್ನೆರಡು ತುದಿಗಳನ್ನು ಅವಳ ಕಿವಿಗಿಟ್ಟು, "ಕಣ್ಣು ಮುಚ್ಕೊಳ್ಳಿ ಮೇಡಂ," ಎಂದ.

ಮೊದಲು ಮರಳು ಸುರಿದಂಥ ಸದ್ದು. ಆಮೇಲೆ ಒಣ ಬಾಳೆ ಎಲೆಗಳ ರಾಶಿಯಲ್ಲಿ ಯಾರೋ ನಡೆದಂತೆ. ಅದು ಯೊಹಾನೆಯ ಅಂಗಿಯ ತೋಳು ಎಂದು ತಿಳಿಯಲು ಹೊತ್ತು ಹಿಡಿಯಿತು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಪ್ರತಿ ಹನಿಯೂ ಬೀಳುವ ಮುಂಚೆ ಒಂದು ಕ್ಷಣ ಯೋಚಿಸಿ ಬೀಳುತ್ತಿತ್ತು. ಅದರ ಹಿಂದೆ, ತುಂಬ ಹಿಂದೆ, ದೊಡ್ಡದೊಂದು ಜೀವ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂಥ ಶಬ್ದ. ಲುಸುಂಗು ಹುಟ್ಟಿದ್ದು, ಬೆಳೆದಿದ್ದು ಈ ಸರೋವರದ ದಂಡೆಯಲ್ಲೇ. ಈ ದನಿಯನ್ನು ಅವಳು ಎಂದೂ ಕೇಳಿರಲಿಲ್ಲ. ಅಥವಾ ಯಾವಾಗಲೂ ಕೇಳುತ್ತಲೇ ಇದ್ದುದರಿಂದ ಅದು ಕಿವಿಯಿಂದ ಜಾರಿಹೋಗಿತ್ತು.

ಕಣ್ಣು ತೆರೆದಾಗ ಯೊಹಾನೆ ಅವಳ ಮುಖವನ್ನೇ ನೋಡುತ್ತಿದ್ದ. "ಇದು ತೆಮ್ವಾಳದ್ದು. ಎಂಟನೇ ಕ್ಲಾಸು ಮುಗಿಸಿ ಈ ವರ್ಷ ಹೋಗ್ತಾಳಲ್ಲ, ಅವಳದ್ದು. ಇದಕ್ಕೆ ನಂಬರ್ ಬರೀಲೇಬೇಕು ಮೇಡಂ. ಎಷ್ಟೇ ಸಣ್ಣಕ್ಷರದಲ್ಲಾದ್ರೂ ಸರಿ."

"ನೀವು ಬೇಡ ಅಂತೀರಿ ಅಂದ್ಕೊಂಡಿದ್ದೆ."

"ಮ್ವಾವಿ ಬರ್ತಾಳೆ ಮುಂದಿನ ವರ್ಷ. ಸಂತೆಯಲ್ಲಿ ಸೀಗಡಿ ಮಾರೋಳ ಮಗಳು. ಐದು ವರ್ಷ ಅದಕ್ಕೆ. ತಾಯಿ ಪ್ರತಿ ಸಂತೆಗೂ ಗೇಟಿನ ಹತ್ರ ಬಂದು ಕೇಳ್ತಾಳೆ. ಈಗಲೇ ಕೇಳಿಸಿಕೊಂಡ್ರೆ ಆ ಮಗು ಮಾತು ಕಲಿಯುತ್ತೆ. ಇನ್ನೆರಡು ವರ್ಷ ಬಿಟ್ರೆ ಕಲಿಯೋದು ಕಷ್ಟ. ಮ್ವಾವಿಗೆ ಇದೇ ಮಿಷನ್ನು ಹೊಂದುತ್ತೆ. ಕಿವಿಯ ಅಚ್ಚು ಹೊಸದು ಮಾಡಿದ್ರೆ ಸಾಕು." ಯೊಹಾನೆ ಯಂತ್ರವನ್ನು ಹತ್ತಿ ಹಾಸಿದ ಡಬ್ಬಿಯಲ್ಲಿ ಮಲಗಿಸಿದ. "ಹೋಗೋ ಮಕ್ಕಳು ಇಲ್ಲಿ ಕಲಿಯೋದನ್ನ ಕಲಿತಾಗಿದೆ. ಬರೋರದ್ದು ನೋಡ್ಬೇಕಲ್ಲ."

ಅದರಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಆದರೆ ಅಂದಿನಿಂದ ಅವಳಿಗೆ ಒಂದು ಥರ ಮಂಕು ಕವಿದಂತಾಯಿತು. ಉಗ್ರಾಣದಲ್ಲಿ ಕುಂಚ ಹಿಡಿದು ಬೀರುವಿಗೋ ನೀರಿನ ಪಂಪಿಗೋ ಅಂಕಿ ಬರೆಯುತ್ತಿರುವಾಗ ಕೂದಲ ಕುಂಚ ಕಬ್ಬಿಣದ ಮೇಲೆ ಸರಿಯುವ ಸದ್ದು ಕೇಳುತ್ತಾ ಮೈಮರೆಯುತ್ತಿದ್ದಳು. ಮಕ್ಕಳು ಅಂಗಳದಲ್ಲಿ ಕೈಮಾತಿನಲ್ಲಿ ಜಗಳವಾಡುತ್ತಿದ್ದರೆ ಬೆರಳುಗಳು ಗಾಳಿಗೆ ತಾಗುವ ಸದ್ದೂ ಇದೆಯೇನೋ ಎಂದು ಕಿವಿಗೊಡುತ್ತಿದ್ದಳು.

ಶಾಲೆ ಮುಚ್ಚುವ ದಿನ ಎಂಟನೇ ತರಗತಿಯವರು ಒಬ್ಬೊಬ್ಬರಾಗಿ ಬಂದು ತಮ್ಮ ಡಬ್ಬಿಯನ್ನು ಯೊಹಾನೆಯ ಮೇಜಿನ ಮೇಲಿಟ್ಟು ಹೋದರು. ಕೆಲವರು ಅತ್ತರು, ಕೆಲವರು ಬೇಗ ಮುಗಿದರೆ ಸಾಕೆಂದು ಓಡಿದರು. ಹುಡುಗನೊಬ್ಬ ಡಬ್ಬಿ ಇಟ್ಟವನು ಬಾಗಿಲ ತನಕ ಹೋಗಿ, ತಿರುಗಿ ಬಂದು, ಮುಚ್ಚಳ ತೆಗೆದು ಇನ್ನೊಮ್ಮೆ ನೋಡಿ ಹೋದ. ಎಲ್ಲ ಮುಗಿದ ಮೇಲೆ ಯೊಹಾನೆ ಒಂದೊಂದನ್ನೇ ತೆರೆದು ನೋಡುತ್ತಾ ಬಂದ. ತೆಮ್ವಾಳ ಡಬ್ಬಿಯಲ್ಲಿ ಹತ್ತಿ ಮಾತ್ರ ಇತ್ತು. ಅಷ್ಟು ಹೊತ್ತಿಗೆ ಅವಳ ದೋಣಿ ಹೊರಟುಹೋಗಿತ್ತು.

"ನಂಬರ್ ಯಾಕೆ ಬೇಕು ಅಂತ ಈಗ ಗೊತ್ತಾಯ್ತಾ?" ಎಂದು ಗೊಂಡ್ವೆ ಲುಸುಂಗುವನ್ನು ಕೇಳಿದರು. ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ಹೋಗಿ ತಂದುಬಿಡಿ. ಬೈಬೇಡಿ. ಹುಡುಗಿ ಒಳ್ಳೆಯವಳು."

ಹೊರಡುವಾಗ ಯೊಹಾನೆ ಒಂದು ಪಟ್ಟಿ ಹೊಸ ಬ್ಯಾಟರಿ ತಂದುಕೊಟ್ಟ. "ಒಳಗೆ ನೀರು ಹೋಗಿದೆಯಾ ಅಂತ ಅಲ್ಲೇ ಹಾಕಿ ನೋಡಿ. ಶಿಳ್ಳೆ ಹೊಡೆದ್ರೆ ಜೀವ ಇದೆ ಅಂತ ಅರ್ಥ."

ತೆಮ್ವಾಳ ಊರಿಗೆ ರಸ್ತೆಯಿಲ್ಲ. ಬೆಟ್ಟ ನೇರವಾಗಿ ನೀರಿಗಿಳಿಯುವ ಕಡೆ ಸಂದಿಯಲ್ಲಿ ಸಿಕ್ಕಿಕೊಂಡಂಥ ಊರು ಅದು. ಹಲಗೆ ದೋಣಿಯಲ್ಲಿ ಜೋಳದ ಹಿಟ್ಟಿನ ಮೂಟೆಗಳ ನಡುವೆ ಲುಸುಂಗು ಕುಳಿತಳು. ಮಂಜು ಕವಿದಿತ್ತು. ಸ್ವಲ್ಪ ದೂರ ಹೋದ ಮೇಲೆ ದಂಡೆ ಮಾಯವಾಯಿತು. ಎದುರು ದಂಡೆಯಂತೂ ಯಾವ ಕಾಲಕ್ಕೂ ಕಾಣುವುದಲ್ಲ. ನೀರು ಯಾವುದು, ಆಕಾಶ ಯಾವುದು ತಿಳಿಯದ ಬೂದು ಬಣ್ಣದಲ್ಲಿ ಇಂಜಿನ್ನಿನ ಸದ್ದು ಮಾತ್ರ ಮುಂದೆ ಮುಂದೆ ಹೋಗುತ್ತಿತ್ತು. ಪಕ್ಕದಲ್ಲಿ ಒಬ್ಬ ಮುದುಕ ಮಡಿಲಲ್ಲಿ ಕೋಳಿ ಇಟ್ಟುಕೊಂಡು ನಿದ್ದೆ ಹೋಗಿದ್ದ. ಕೋಳಿಯೂ ನಿದ್ದೆ ಹೋಗಿತ್ತು. ಲುಸುಂಗುವಿಗೂ ಕಣ್ಣು ಎಳೆಯಿತು. ತಾನು ಬಹಳ ಕಾಲದಿಂದ ಈ ದೋಣಿಯಲ್ಲೇ ಇದ್ದೇನೆ, ಏನನ್ನೋ ತರಲು ಹೊರಟವಳು ಅದೇನೆಂದು ಮರೆತಿದ್ದೇನೆ ಎನ್ನಿಸಿತು.

ಮಂಜು ಹರಿದಾಗ ದೂರದಲ್ಲಿ ನೀರಿನಿಂದ ಕಂದು ಹೊಗೆಯ ಕಂಬವೊಂದು ಎದ್ದು ಆಕಾಶದಲ್ಲಿ ಓಲಾಡುತ್ತಿತ್ತು. ಯಾವ ದೋಣಿಯೂ ಸುಡುತ್ತಿರಲಿಲ್ಲ. ಸರೋವರದ ಸಣ್ಣ ನೊಣಗಳು ಒಮ್ಮೆಲೇ ಹುಟ್ಟಿ ಮೇಲೇಳುತ್ತಿದ್ದವು.

"ಗಾಳಿ ನಮ್ಮೂರ ಕಡೆಗೇ ಇದೆ," ಎಂದು ದೋಣಿಯವನು ಖುಷಿಯಾಗಿ ಹೇಳಿದ. "ನಮ್ಮನೆಯವಳು ಬುಟ್ಟಿ ಹಿಡ್ಕೊಂಡು ನಿಂತಿರ್ತಾಳೆ. ರಾತ್ರಿಗೆ ನೊಣದ ವಡೆ."

ದಂಡೆಯುದ್ದಕ್ಕೂ ಬಿದಿರಿನ ತಟ್ಟಿಗಳ ಮೇಲೆ ಬೆಳ್ಳಿ ಮೀನು ಒಣಗುತ್ತಿತ್ತು. ತೆಮ್ವಾ ಅಲ್ಲೇ ಇದ್ದಳು, ಮೀನು ಮಗುಚಿ ಹಾಕುತ್ತಿದ್ದಳು. ದೋಣಿಯಿಂದ ಇಳಿದವರತ್ತ ಸುಮ್ಮನೆ ನೋಡಿದವಳು ಲುಸುಂಗುವನ್ನು ಗುರುತಿಸಿದ ಕೂಡಲೇ ಕೈಯನ್ನು ಕಿವಿಯ ಮೇಲಿಟ್ಟುಕೊಂಡಳು. ಕಿವಿಯಲ್ಲಿ ಏನೂ ಇರಲಿಲ್ಲ. ಲುಸುಂಗು ತನಗೆ ಬರುತ್ತಿದ್ದ ಅಷ್ಟಿಷ್ಟು ಕೈಮಾತಿನಲ್ಲಿ, ಮಿಷನ್ ಎಲ್ಲಿ, ಎಂದು ಕೇಳಿದಳು. ತೆಮ್ವಾ ತಟ್ಟಿಯ ತುದಿಯ ತನಕ ಮೀನು ಮಗುಚಿ ಮುಗಿಸಿದಳು. ಆಮೇಲೆ ಕೈ ತೊಳೆದು, ಬಾ ಎಂಬಂತೆ ತಲೆಯಾಡಿಸಿ ಮುಂದೆ ನಡೆದಳು.

ಮನೆಯ ಮುಂದೆ ಚಾಪೆಯ ಮೇಲೆ ಒಬ್ಬ ಮುದುಕಿ ಮರಗೆಣಸಿನ ಸಿಪ್ಪೆ ತೆಗೆಯುತ್ತಾ ಕುಳಿತಿದ್ದಳು. ಚಾಕು ಬೆರಳಿನ ಪಕ್ಕದಲ್ಲೇ ಸರಸರನೆ ಓಡುತ್ತಿತ್ತು. ಅವಳು ತಲೆಯೆತ್ತಿದಾಗ ಎರಡೂ ಕಣ್ಣು ಹಾಲಿನ ಹಾಗೆ ಬೆಳ್ಳಗಿದ್ದವು.

"ಯಾರವ್ವ ಅದು? ಈ ಚಪ್ಪಲಿ ಸದ್ದು ನಮ್ಮೂರಿಂದಲ್ಲ."

ಲುಸುಂಗು ಮಂಡಿಯೂರಿ ನಮಸ್ಕಾರ ಹೇಳಿದಳು. ಶಾಲೆಯಿಂದ ಬಂದವಳು ಎಂದಳು.

"ಇಸ್ಕೂಲಿಂದಾ!" ಮುದುಕಿಯ ಮುಖ ಅರಳಿತು. "ನೋಡು, ಇವಳು ಒಂದ್ ಮಾತೂ ಹೇಳಿಲ್ಲ. ಕೂತ್ಕಾ ತಾಯಿ. ಏನ್ ಕೆಲಸ ಅಂತ ಈಗ್ಲೇ ಹೇಳ್ಬ್ಯಾಡ. ಹೊಟ್ಟೆಗೆ ಬಿದ್ದ ಮ್ಯಾಲೆ ಮಾತು." ಮೊಮ್ಮಗಳ ಕಾಲನ್ನು ತಡವಿ ಹುಡುಕಿ, ಮೊಣಕಾಲಿಗೆ ಎರಡು ಸಲ ತಟ್ಟಿದಳು. ತೆಮ್ವಾ ಒಲೆಯ ಕಡೆ ಹೋದಳು. ತಟ್ಟುವುದರಲ್ಲೇ ಊಟ, ನೀರು, ಬಾ, ಹೋಗು ಎಲ್ಲ ಇದ್ದವು ಅವರಿಬ್ಬರಿಗೆ. ಅದಕ್ಕಿಂತ ಹೆಚ್ಚಿಗೆ ಏನೂ ಇರಲಿಲ್ಲ. ಹುಡುಗಿ ಕೈಯಲ್ಲಿ ಹೇಳಿದ್ದು ಮುದುಕಿಗೆ ಕಾಣುವಂತಿಲ್ಲ, ಮುದುಕಿ ಬಾಯಲ್ಲಿ ಹೇಳಿದ್ದು ಹುಡುಗಿಗೆ ಕೇಳುವಂತಿಲ್ಲ. ಮರಗೆಣಸಿನ ನ್ಸಿಮಾ ಮುರಿದು ಮೀನಿನ ಸಾರಿಗೆ ಅದ್ದುತ್ತಾ ಲುಸುಂಗು ಇದನ್ನೇ ಯೋಚಿಸುತ್ತಿದ್ದಳು.

ಹೊತ್ತು ಇಳಿಯುವಾಗ ತೆಮ್ವಾ ಒಳಗೆ ಹೋಗಿ ಒಂದು ತಗಡಿನ ಡಬ್ಬ ತಂದಳು. ಅದರ ತುಂಬ ತೇವ ಹೀರಲೆಂದು ಹಾಕಿದ ಅಕ್ಕಿ. ಒಮ್ಮೆ ಲುಸುಂಗುವಿನ ಕಡೆ ನೋಡಿ, ಏನಾದರೂ ಆಗಲಿ ಎಂಬಂತೆ ಅಕ್ಕಿಯೊಳಗೆ ಬೆರಳಾಡಿಸಿ ಯಂತ್ರವನ್ನು ತೆಗೆದಳು. ಅಕ್ಕಿಯ ಹುಡಿ ಹೋಗುವಂತೆ ಉಫ್ ಎಂದು ಊದಿ ಕಿವಿಗಿಟ್ಟುಕೊಂಡಳು. ಯಂತ್ರ ಸಣ್ಣಗೆ ಶಿಳ್ಳೆ ಹೊಡೆಯಿತು.

"ಬಂದ್ಲು," ಎಂದಳು ಮುದುಕಿ. ಕೈಯಲ್ಲಿದ್ದುದನ್ನು ಕೆಳಗಿಟ್ಟು ನೆಟ್ಟಗೆ ಕೂತಳು. "ಈಗ ಬಂದ್ಲು ನೋಡು ನನ್ ಮೊಮ್ಮಗಳು. ತೆಮ್ವಾ!"

"ಅಜ್ಜಿ," ಎಂದಳು ತೆಮ್ವಾ. ಎಳವೆಯಲ್ಲಿ ಮಿದುಳು ಜ್ವರ ಬಂದು ಕಿವಿ ಹೋಗುವ ಮುಂಚೆ ಕಲಿತ ಮಾತು ಅವಳದು. ತನ್ನ ದನಿ ತನಗೇ ಕೇಳದಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ಅಲೆಗೆ ಸಿಕ್ಕಿದ ಕಲ್ಲಿನಂತೆ ಅಕ್ಷರಗಳ ಮೂಲೆಗಳು ಸವೆದಿದ್ದವು.

"ನೀರು ಈಗ ಯಾವ ಬಣ್ಣ?"

"ದಂಡೆ ಹತ್ರ ಹಸಿರು. ದೂರ ಕಪ್ಪು. ನಡುವೆ ಒಂದು ಬಿಳಿ ಗೆರೆ."

"ಪಕ್ಕದ ಮನೆ ಚಿರ್ವಾನ ದೋಣಿ ಬಂತಾ?"

"ಬಂದಿಲ್ಲ. ಬೇರೆ ದೋಣಿ. ಪಟ ಹರಿದಿದೆ. ಅಂಗಿ ಕಟ್ಟಿದಾರೆ ಅದಕ್ಕೆ."

ಮುದುಕಿ ನಕ್ಕಳು. "ಯಾರ ಅಂಗಿನೋ! ಹೆಂಡ್ತಿ ಬೈಯ್ತಾಳೆ. ಬೆಟ್ಟದ ಮ್ಯಾಲೆ?"

"ಹೊಗೆ ಇದೆ. ಬೆಂಕಿದಲ್ಲ, ನೊಣದ್ದು. ನೀರಿಂದ ಎದ್ದು ಬೆಟ್ಟದ ತನಕ ಬಂದಿದೆ. ಬಾಗ್ತಾ ಇದೆ. ಮೇಲೆ ಬಿಸಿಲು ಬಿದ್ದ ಕಡೆ ಚಿನ್ನದ ಥರ, ಕೆಳಗೆ ಮಣ್ಣಿನ ಥರ."

"ನಮ್ ಕಡೆ ಬತ್ತದಾ?"

"ಬರುತ್ತೆ. ನಿಧಾನ."

ಮುದುಕಿಯ ತುಟಿ ಸ್ವಲ್ಪ ತೆರೆದಿತ್ತು. ನೋಡುತ್ತಿರುವವರ ಮುಖದಂತೆಯೇ ಇತ್ತು ಅದು. ಬಿಸಿಲು ಗುಡ್ಡದ ಹಿಂದೆ ಸರಿಯಿತು. ನೊಣಗಳ ಕಂಬ ಹತ್ತಿರ ಬಂದಂತೆ ಒಂದು ಮಂದವಾದ ಮೊರೆತ ಹುಟ್ಟಿ ಗಾಳಿಯ ತುಂಬ ಹರಡಿತು. "ಕೇಳ್ತದಾ?" ಎಂದಳು ಮುದುಕಿ. ತೆಮ್ವಾ ತಲೆ ಒಂದು ಬದಿಗೆ ವಾಲಿಸಿ ಬಹಳ ಹೊತ್ತು ಕೇಳಿ, "ಅದಕ್ಕೂ ಸದ್ದು ಇದೆ," ಎಂದಳು, ತನಗೇ ಹೇಳಿಕೊಳ್ಳುವಂತೆ. ಲುಸುಂಗುವಿಗೆ ತಾನು ಯಾರದೋ ಕನಸಿನ ಅಂಗಳದಲ್ಲಿ ಕರೆಯದೆ ಬಂದು ಕೂತಂತಾಯಿತು. ಎದ್ದರೆ ಸದ್ದಾದೀತು ಎಂದು ಕಾಲು ಜೋಮು ಹಿಡಿದರೂ ಅಲುಗದೆ ಕೂತಳು.

"ಬ್ಯಾಟರಿ ಕಮ್ಮಿ ಆಗ್ತಿದೆ," ಎಂದಳು ತೆಮ್ವಾ.

"ತಗೀ ಹಂಗಾದ್ರೆ. ನಾಳೆಗಿರಲಿ. ತಡಿ ತಡಿ, ಇವ್ರ ಮಾತು ಕೇಳಾಣ." ಮುದುಕಿ ಲುಸುಂಗುವಿನ ಕಡೆ ತಿರುಗಿದಳು. "ಈಗ ಹೇಳು ತಾಯಿ. ಇಷ್ಟು ದೂರ ಯಾಕೆ ಬಂದೆ?"

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಿದ್ದವು. ಲುಸುಂಗು ಬಾಯಿ ತೆರೆದಳು. "ಅಜ್ಜಿ, ತೆಮ್ವಾಳ ಕಿವಿ ಮಿಷನ್ನು..." ಎಂದವಳಿಗೆ ಮುಂದಿನದು ಹೊರಡಲಿಲ್ಲ. ತೆಮ್ವಾ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ನೆಲ ನೋಡುತ್ತಿದ್ದಳು.

ಕಣ್ಣಿಲ್ಲದ ಮುದುಕಿಗೆ ಆ ಮೌನ ಸಾಕಾಯಿತು. "ಇದು ಇವಳಿಗೆ ಕೊಟ್ಟಿದ್ದಲ್ವಾ?" ಎಂದು ನಿಧಾನವಾಗಿ ಕೇಳಿದಳು. "ಕೊಟ್ರು ಅಂದ್ಲಲ್ಲ. ತೆಮ್ವಾ? ಕದ್ಕೊಂಡು ಬಂದ್ಯಾ?"

ಹುಡುಗಿ ತಲೆಯನ್ನು ಇನ್ನಷ್ಟು ತಗ್ಗಿಸಿದಳು.

"ನಮ್ ವಂಶದಲ್ಲಿ ಇನ್ನೊಬ್ರ ಬಲೆಯಿಂದ ಒಂದ್ ಮೀನು ತಗಂಡೋರಿಲ್ಲ." ಮುದುಕಿಯ ಕೈ ಗಾಳಿಯಲ್ಲಿ ಮೊಮ್ಮಗಳ ತಲೆಯನ್ನು ಹುಡುಕಿ, ಕಿವಿಯನ್ನು ಮುಟ್ಟಿ, ಅಲ್ಲೇ ನಿಂತಿತು. "ತಗದು ಕೊಡು. ಇಸ್ಕೂಲಿಂದು ಇಸ್ಕೂಲಿಗೆ ಹೋಗ್ಲಿ. ಕೊಡು ಅಂದೆ."

ತೆಮ್ವಾ ಯಂತ್ರಕ್ಕೆ ಕೈ ಹಾಕಿದಳು.

"ಕದ್ದಿಲ್ಲ ಅಜ್ಜಿ," ಎಂದುಬಿಟ್ಟಳು ಲುಸುಂಗು.

ತನ್ನ ದನಿಯೇ ಯಾರದೋ ದನಿಯಂತೆ ಕೇಳಿತು. ಆದರೆ ಹೊರಟ ಮಾತು ತಾನಾಗಿಯೇ ಮುಂದಕ್ಕೆ ಹೋಯಿತು. "ಶಾಲೇಲಿ ಎರಡು ಥರದ ಸಾಮಾನು ಇರ್ತವೆ. ಬೀರು, ಪಂಪು, ಹಾಸಿಗೆ, ಅಂಥವಕ್ಕೆಲ್ಲ ನಂಬರ್ ಹಾಕ್ತೀವಿ. ಅವು ವಾಪಸ್ ಬರಬೇಕು. ಇನ್ನು ಕೆಲವು ಬಳಸಿ ಮುಗಿಯೋವು. ಸೋಪು, ಸೀಮೆಸುಣ್ಣ. ಅವನ್ನ ಯಾರೂ ವಾಪಸ್ ಕೇಳಲ್ಲ. ಇದು ಆ ಲೆಕ್ಕದ್ದು."

"ಸೋಪಿನ ಲೆಕ್ಕದ್ದಾ?"

"ಹೂಂ."

"ಸೋಪು ಕರಗ್ತದೆ ತಾಯಿ."

"ಇದೂ ಕರಗುತ್ತೆ ಅಜ್ಜಿ. ಸ್ವಲ್ಪ ನಿಧಾನ, ಅಷ್ಟೆ."

ಮುದುಕಿ ಆ ಮಾತನ್ನು ಬಾಯಲ್ಲಿಟ್ಟು ರುಚಿ ನೋಡುವಂತೆ ಕೂತಳು. "ಹಂಗಾದ್ರೆ ನೀನು ಬಂದಿದ್ದು?"

ಲುಸುಂಗು ಚೀಲಕ್ಕೆ ಕೈಹಾಕಿ ಯೊಹಾನೆ ಕೊಟ್ಟಿದ್ದ ಪಟ್ಟಿಯನ್ನು ತೆಗೆದು ಮುದುಕಿಯ ಅಂಗೈಯಲ್ಲಿಟ್ಟಳು. "ಬ್ಯಾಟರಿ ಕೊಡೋಕೆ."

ಮುದುಕಿ ಬೆರಳಿನಿಂದ ಒಂದೊಂದೇ ಗುಂಡಿಯನ್ನು ಮುಟ್ಟಿ ನೋಡಿದಳು. ತೆಮ್ವಾ ಈಗ ಲುಸುಂಗುವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಂತೋಷವಿರಲಿಲ್ಲ. ಸುಳ್ಳನ್ನು ಕಂಡುಹಿಡಿದವರ ಎಚ್ಚರವಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳು ಮುದುಕಿಗೆ ಕೇಳದಂತೆ ಕೈಯಲ್ಲಿ ಕೇಳಿದಳು, "ಉಳಿದವರಿಗೂ ಹೀಗೇನಾ?" ಲುಸುಂಗುವಿಗೆ ಅದು ತಕ್ಷಣ ಅರ್ಥವಾಯಿತು. ಅರ್ಥವಾಗದವಳಂತೆ ಇರೋಣವೆಂದರೂ ಆಗಲಿಲ್ಲ. ಹೌದು, ಎಂದು ತಲೆಯಾಡಿಸಿದಳು.

ಮರುದಿನ ಹಿಂದಿರುಗುವಾಗ ಮಂಜಿರಲಿಲ್ಲ. ಎಲ್ಲವೂ ನಿಚ್ಚಳವಾಗಿತ್ತು. ಹೇಳಿದ ಸುಳ್ಳನ್ನು ಈಗ ನಿಜ ಮಾಡಬೇಕಿತ್ತು.

"ಸೋಪು?" ಎಂದರು ಗೊಂಡ್ವೆ. ಅದೇ ಕೋಣೆ, ಅದೇ ಬೆಂಚುಗಳು. "ಎರಡು ಸೈಕಲ್ ಬೆಲೆಯ ಮಿಷನ್ನು ಸೋಪಿನ ಪಕ್ಕದಲ್ಲಿ? ಹಣ ಕೊಡೋರು ನನ್ನ ತಲೆ ಕೆಟ್ಟಿದೆ ಅಂತಾರೆ."

"ನಂಬರ್ ಹಾಕಿದ್ರೆ ಅದು ಐದು ವರ್ಷ ಬಾಳಬೇಕು ಅಂತ ಲೆಕ್ಕ ಸಾರ್. ಐದು ವರ್ಷ ಹೊಸದು ಕೇಳೋ ಹಾಗಿಲ್ಲ. ಬಳಸಿ ಮುಗಿಯೋ ವಸ್ತು ಅಂದ್ರೆ, ಎಷ್ಟು ಮಕ್ಕಳು ಹೊರಗೆ ಹೋದ್ರೋ ಅಷ್ಟನ್ನ ಪ್ರತಿ ವರ್ಷ ಕೇಳಬಹುದು. ಅವರ ನಿಯಮದಲ್ಲೇ ಹಾಗಿದೆ."

ಗೊಂಡ್ವೆ ಕನ್ನಡಕ ಹಾಕಿಕೊಂಡರು. ಈ ದಾರಿ ಅವರಿಗೆ ಹೊಳೆದಿರಲಿಲ್ಲ. "ಕೇಳಬಹುದು. ಕೊಡ್ತಾರೆ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ."

"ಅವರು ಕೊಡೋ ತನಕ ಮ್ವಾವಿ?" ಎಂದ ಯೊಹಾನೆ.

ಲುಸುಂಗು ಅವನ ಕಡೆ ತಿರುಗಿದಳು. ಆ ಸಂಜೆಯನ್ನು, ಅಕ್ಕಿಯ ಡಬ್ಬವನ್ನು, ಬಣ್ಣ ಕೇಳುತ್ತಿದ್ದ ಮುದುಕಿಯನ್ನು ಹೇಳಬೇಕೆಂದು ಹೊರಟಳು. ಮೇಜು, ಬೆಂಚು, ಲೆಕ್ಕದ ಮಾತುಗಳ ನಡುವೆ ಅದೆಲ್ಲ ಕರಗಿಹೋಯಿತು. "ತೆಮ್ವಾಳ ಅಜ್ಜಿಗೆ ಕಣ್ಣು ಕಾಣಲ್ಲ," ಎಂದಷ್ಟೇ ಹೇಳಿದಳು.

"ಮ್ವಾವಿಗೆ ಕಿವಿ ಕೇಳಲ್ಲ," ಎಂದ ಯೊಹಾನೆ. ಅವನ ದನಿ ಏರಲಿಲ್ಲ. "ಒಂದು ಮಿಷನ್ನು ತರೋಕೆ ಕಳಿಸಿದ್ವಿ. ನೀವು ಎಲ್ಲವನ್ನೂ ಕೊಟ್ಟು ಬಂದ್ರಿ."

ಅದು ನಿಜವಾಗಿತ್ತು. ಗೊಂಡ್ವೆ ನಿಯಮ ಬರೆದ ಕಾಗದವನ್ನು ತಮ್ಮತ್ತ ಎಳೆದುಕೊಂಡರು. ಕೊನೆಗೆ, "ಪ್ರತಿ ವರ್ಷ ಅವರ ಹತ್ರ ಬೇಡೋ ಕೆಲಸ ನಿಮ್ಮದು. ನನ್ನ ಕೈಲಿ ಆಗಲ್ಲ," ಎಂದು ಹೇಳಿ ಸಹಿ ಹಾಕಿದರು. ಎಂಟನೇ ತರಗತಿಯವರು ಬಿಟ್ಟುಹೋಗಿದ್ದ ಡಬ್ಬಿಗಳು ದೋಣಿಗಳಲ್ಲಿ, ಬಸ್ಸುಗಳಲ್ಲಿ ಅವರವರ ಊರಿಗೆ ಹೊರಟವು. ಹಂಡೆಯ ವಿಷಯವೂ ಅದೇ ದಿನ ತೀರ್ಮಾನವಾಯಿತು. ಬೆಲೆ ಎಷ್ಟೇ ಇರಲಿ, ಹೊರಗಿನವರು ಎರವಲು ಒಯ್ಯುವ ಯಾವ ಸಾಮಾನಿಗೂ ನಂಬರು ಇರಬೇಕು ಎಂದು ಬರೆದರು. ನ್ಯಾಬಾಂಡಾ ಅಂದು ಎಲ್ಲರಿಗೂ ಎರಡೆರಡು ತುಂಡು ಮೀನು ಹಾಕಿದಳು.

ಹೊಸ ವರ್ಷಕ್ಕೆ ಮ್ವಾವಿ ಬಂದಳು. ದೊಡ್ಡ ತಲೆ, ಸಣ್ಣ ಕಾಲು, ಉದ್ದವಾದ ಹಸಿರು ಸಮವಸ್ತ್ರ. ಸಂತೆಯ ದಿನ ಅವಳ ತಾಯಿ ಸೀಗಡಿಯ ಬುಟ್ಟಿ ಹೊತ್ತು ಗೇಟಿನ ಬಳಿ ಬಂದು, "ನಮ್ಮವಳ ಕಿವಿ ಬಂತಾ?" ಎಂದು ಕೇಳುತ್ತಿದ್ದಳು. ಯೊಹಾನೆಯನ್ನು ಕಳಿಸದೆ ಲುಸುಂಗು ತಾನೇ ಹೋಗಿ, "ಇನ್ನೂ ಇಲ್ಲಮ್ಮ," ಎನ್ನುತ್ತಿದ್ದಳು. ಆ ತಾಯಿ ಒಂದು ದಿನವೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎನ್ನಿಸುತ್ತಿತ್ತು ಲುಸುಂಗುವಿಗೆ. ಯೊಹಾನೆ ಅವಳೊಂದಿಗೆ ಕೆಲಸದ ಮಾತು ಮಾತ್ರ ಆಡುತ್ತಿದ್ದ. ಮಳೆ ಹಿಡಿದ ಮೇಲೆ ಸಂಸ್ಥೆಯಿಂದ ಉತ್ತರ ಬಂತು. ನಿಮ್ಮ ನಿಯಮಕ್ಕೆ ನಮ್ಮ ಒಪ್ಪಿಗೆಯಿದೆ. ಯಂತ್ರಗಳು ಬರುತ್ತವೆ, ಆದರೆ ಕೇಳಿದಷ್ಟಲ್ಲ, ಈ ವರ್ಷವೂ ಅಲ್ಲ.

ಅದೇ ವಾರ ಹೊಲಿಗೆ ತರಗತಿಗೆಂದು ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರವೊಂದು ಬಂತು. ಸೈಕಲ್ಲಿಗಿಂತ ಬೆಲೆಯಿತ್ತು, ಬಾಳಿಕೆಯೂ ಇತ್ತು. ಅದರ ಬಗ್ಗೆ ಯಾರಿಗೂ ಎರಡು ಮಾತಿರಲಿಲ್ಲ. ಮಳೆಯ ಮಧ್ಯಾಹ್ನ ಲುಸುಂಗು ಉಗ್ರಾಣದಲ್ಲಿ ಅದರ ಬದಿಗೆ ಬಿಳಿ ಅಂಕಿ ಬರೆದು, ಬಣ್ಣ ಆರುವ ತನಕ ಸರಿಯಾಗಿ ತಿರುಗುತ್ತದೋ ನೋಡೋಣವೆಂದು ಕೂತು ತುಳಿಯತೊಡಗಿದಳು. ಬಾಗಿಲಲ್ಲಿ ಮ್ವಾವಿ ನಿಂತಿದ್ದಳು. ಯಾವಾಗ ಬಂದಳೋ. ಒಳಗೆ ಬಂದು ಹಲಗೆಯ ಮೇಲೆ ಅಂಗೈ ಇಟ್ಟಳು. ಇಟ್ಟ ಕೈಯನ್ನು ಸರಕ್ಕನೆ ತೆಗೆದು ನೋಡಿಕೊಂಡು, ಮತ್ತೆ ಇಟ್ಟಳು. ಆಮೇಲೆ ಬೆರಳುಗಳ ಪಕ್ಕದಲ್ಲಿ ಕೆನ್ನೆಯನ್ನೂ ಇಟ್ಟು, ಮಲಗಿದವಳಂತೆ ಕಣ್ಣು ಮುಚ್ಚಿದಳು.

ಯೊಹಾನೆ ಏನೋ ಕೇಳಲು ಬಂದವನು ಹೊಸ್ತಿಲಲ್ಲೇ ನಿಂತ. ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತು ನೋಡಿ, "ದಾರ ಹಾಕಿಲ್ಲ ಮೇಡಂ," ಎಂದ.

"ಗೊತ್ತು," ಎಂದಳು ಲುಸುಂಗು.

ಅವನು ಹೋಗಲಿಲ್ಲ. ಅವಳು ತುಳಿಯುವುದನ್ನು ನಿಲ್ಲಿಸಲಿಲ್ಲ. ಬಟ್ಟೆಯಿಲ್ಲದ ಬರಿಯ ಹಲಗೆಯ ಮೇಲೆ ಸೂಜಿ ಏರುತ್ತಾ ಇಳಿಯುತ್ತಾ ಇತ್ತು. ಮಗುವಿನ ಮುಚ್ಚಿದ ರೆಪ್ಪೆಗಳು ಅದರ ಜೊತೆಗೆ ಸಣ್ಣಗೆ ಅದುರುತ್ತಿದ್ದವು.